ಆಕಾಶದಿಂದ ಕಿವಿ ತುಂಬಿಸುವ ವಿಮಾನಗಳು

ಪ್ರಶ್ನೆ: ಅಮೆರಿಕದ ಕಂಪಾಸ್ ಕಾಲ್ ಎಂಬ ವಿಮಾನ ಬಾಂಬ್ ಹಾಕದೆ, ಗುಂಡು ಹಾರಿಸದೆ ಶತ್ರುವಿನ ವೈರ್‌ಲೆಸ್ ಮಾತುಕತೆಯನ್ನು ನಿಲ್ಲಿಸುತ್ತದೆ ಎಂದು ಓದಿದೆ. ಅಷ್ಟು ದೂರದಿಂದ ಇದು ಹೇಗೆ ಸಾಧ್ಯ? ಅದರೊಳಗೆ ಹದಿಮೂರು ಜನ ಇರುತ್ತಾರಂತೆ, ಅಷ್ಟೊಂದು ಜನ ಯಾಕೆ? ನಮ್ಮ ಮೊಬೈಲ್ ಕೂಡ ಹೀಗೆ ನಿಂತುಹೋಗಬಹುದೇ? ನಮ್ಮ ದೇಶದಲ್ಲಿ ಇಂಥ ಕೆಲಸ ನಡೆಯುತ್ತಿದೆಯೇ? ಮಗಳು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಳೆ. ಅವಳಿಗೂ ಇದರಲ್ಲಿ ಆಸಕ್ತಿ. ಅವಳು ಏನು ಓದಬೇಕು?
— ತುಮಕೂರಿನ ಓದುಗರೊಬ್ಬರು

ಉತ್ತರ: ನೀವು ಬರೆದ ‘ನಿಲ್ಲಿಸುತ್ತದೆ’ ಎಂಬ ಮಾತಿನಿಂದಲೇ ಶುರು ಮಾಡೋಣ. ಎಲ್ಲರೂ ಎಡವುವುದು ಅಲ್ಲೇ. ಜಾಮಿಂಗ್ (ರೇಡಿಯೊ ಗದ್ದಲ ಎಬ್ಬಿಸಿ ಮಾತು ಕೆಡಿಸುವ) ವಿಮಾನ ಯಾರ ಮಾತನ್ನೂ ನಿಲ್ಲಿಸುವುದಿಲ್ಲ. ಶತ್ರು ಸೈನಿಕ ವೈರ್‌ಲೆಸ್ ಸೆಟ್ಟಿನ ಗುಂಡಿ ಒತ್ತಿ ಮಾತಾಡುತ್ತಲೇ ಇರುತ್ತಾನೆ. ಅವನ ಸೆಟ್ಟಿಗೆ ಏನೂ ಆಗಿರುವುದಿಲ್ಲ. ಅವನ ಮಾತು ಕೇಳಬೇಕಾದವನ ಸೆಟ್ಟಿದೆಯಲ್ಲ, ಕೆಡುವುದು ಅದರ ಕಿವಿ.

ತೇರಿನ ದಿನ ನೆನಪಿಸಿಕೊಳ್ಳಿ. ನೀವು ಮೈಕ್ ಸೆಟ್ಟಿನ ಹಾರ್ನ್ ಕೆಳಗೆ ನಿಂತಿದ್ದೀರಿ. ರಸ್ತೆಯ ಆಚೆಯಿಂದ ನಿಮ್ಮ ಅಣ್ಣ ಕೂಗುತ್ತಿದ್ದಾರೆ. ತುಟಿ ಆಡುವುದು ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಅವರ ಗಂಟಲು ಚೆನ್ನಾಗಿಯೇ ಇದೆ. ಅವರು ನಿಂತ ಕಡೆ ಅಷ್ಟು ಗದ್ದಲ ಇಲ್ಲದಿದ್ದರೆ ನೀವು ಕೂಗಿದ್ದು ಅವರಿಗೆ ಕೇಳಿಸಲೂಬಹುದು. ಹಾರ್ನ್ ಕೆಡಿಸಿದ್ದು ನಿಮ್ಮೊಬ್ಬರ ಕಿವಿಯನ್ನು. ರೇಡಿಯೊ ಜಾಮಿಂಗ್ ಕೂಡ ಹೀಗೇ. ಅದಕ್ಕೇ ಈ ಕೆಲಸದವರು ಮೊದಲು ಕೇಳುವ ಪ್ರಶ್ನೆ ‘ಯಾರು ಮಾತಾಡುತ್ತಿದ್ದಾರೆ’ ಎಂಬುದಲ್ಲ, ‘ಕೇಳುವವನು ಎಲ್ಲಿದ್ದಾನೆ’ ಎಂಬುದು.

ಬೆಂಗಳೂರಿನಿಂದ ಬಸ್ಸಿನಲ್ಲಿ ದೂರದ ಊರಿಗೆ ಹೋಗುವಾಗ ಎಫ್ಎಂ ಕೇಳಿದವರಿಗೆ ಇದರ ಇನ್ನೊಂದು ಮುಖವೂ ಗೊತ್ತು. ಒಂದು ನಿಲಯದ ಹಾಡು ಬರುತ್ತಿರುತ್ತದೆ. ಒಂದು ಊರು ದಾಟಿದೊಡನೆ ಡಯಲ್ಲಿನ ಅದೇ ಜಾಗದಲ್ಲಿ ಬೇರೆ ನಿಲಯದ ದನಿ ಕೂತಿರುತ್ತದೆ. ಎರಡೂ ಕಲಸಿಕೊಂಡು ಬರುವುದು ಒಂದೆರಡು ಕ್ಷಣ ಮಾತ್ರ. ಎಫ್ಎಂ ರಿಸೀವರಿನ ಗುಣವೇ ಅದು. ಎರಡು ಸಂಕೇತಗಳಲ್ಲಿ ಯಾವುದು ಸ್ವಲ್ಪ ಜಾಸ್ತಿ ಬಲವಾಗಿದೆಯೋ ಅದನ್ನು ಹಿಡಿದುಕೊಂಡು ಇನ್ನೊಂದನ್ನು ಬಿಟ್ಟುಬಿಡುತ್ತದೆ. ಮೀಡಿಯಂ ವೇವ್ ಹಾಗಲ್ಲ. ರಾತ್ರಿ ಹೊತ್ತು ಅದರಲ್ಲಿ ಎರಡು ನಿಲಯಗಳು ಒಂದರ ಮೇಲೊಂದು ಕೇಳಿಸುತ್ತವೆ. ಸೇನೆಗಳ ಸಾಮಾನ್ಯ ವಿಎಚ್ಎಫ್ (ತುಂಬ ಹೆಚ್ಚಿನ ಫ್ರೀಕ್ವೆನ್ಸಿಯ) ಸೆಟ್ಟುಗಳು ಹಿಂದಿನಿಂದಲೂ ಎಫ್ಎಂ ಬಳಸುತ್ತ ಬಂದಿವೆ. ಜಾಮರ್ ಅವನ್ನು ಹಿಡಿಯಬೇಕಾದರೆ ಗೆಳೆಯನ ದನಿಗಿಂತ ತುಸು ಮೇಲೆ ಹೋದರೂ ಸಾಕು.

ಹಾಗಾದರೆ ನೂರು ಕಿಲೋಮೀಟರ್ ದೂರದ ವಿಮಾನ ಹತ್ತಿರದ ಗೆಳೆಯನಿಗಿಂತ ಜೋರಾಗಿ ಕೇಳಿಸುವುದು ಹೇಗೆ? ಲೆಕ್ಕ ಹಾಕಿ ನೋಡೋಣ. ಇಬ್ಬರು ಸೈನಿಕರು 10 ಕಿ.ಮೀ. ಅಂತರದಲ್ಲಿದ್ದಾರೆ, ಸೆಟ್ಟಿನ ಬಲ 5 ವ್ಯಾಟ್ ಎಂದಿಟ್ಟುಕೊಳ್ಳಿ. ವಿಮಾನ 100 ಕಿ.ಮೀ. ದೂರದಲ್ಲಿದೆ. ಬಯಲಿನಲ್ಲಿ ದೂರ ಹತ್ತು ಪಟ್ಟಾದರೆ ಸಂಕೇತದ ಬಲ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ವಿಮಾನಕ್ಕೆ ಬೇಕಾದದ್ದು 5ರ ನೂರು ಪಟ್ಟು, ಅಂದರೆ 500 ವ್ಯಾಟ್. ಅಡುಗೆಮನೆಯ ಮಿಕ್ಸಿಗೆ ಬೇಕಾಗುವಷ್ಟು! ನಾಲ್ಕು ಎಂಜಿನ್‌ಗಳ ವಿಮಾನಕ್ಕೆ ಅದು ಏನೇನೂ ಅಲ್ಲ.

ನಿಜದಲ್ಲಿ ವಿಮಾನಕ್ಕೆ ಇನ್ನೂ ಅನುಕೂಲ ಇದೆ. ನೆಲದ ಮೇಲಿನ ಇಬ್ಬರ ನಡುವೆ ಗುಡ್ಡ, ಮರ, ಮನೆ ಇರುತ್ತವೆ. ನೆಲವೇ ಅಲೆಯನ್ನು ತಿನ್ನುತ್ತದೆ. ನೆಲಕ್ಕೆ ತಾಗಿದಂತೆ ಸಾಗುವ ಸಂಕೇತ ದೂರ ಇಮ್ಮಡಿಯಾದರೆ ನಾಲ್ಕರಲ್ಲಿ ಒಂದಕ್ಕಲ್ಲ, ಸುಮಾರು ಹದಿನಾರರಲ್ಲಿ ಒಂದಕ್ಕೆ ಇಳಿದುಬಿಡುತ್ತದೆ. ಆಕಾಶದಿಂದ ಬರುವ ಅಲೆಗೆ ಈ ಕಾಟ ಇಲ್ಲ. ಭೂಮಿ ದುಂಡಗಿರುವುದರಿಂದ, ಎರಡು ಮೀಟರ್ ಎತ್ತರದ ಆಂಟೆನಾ ಹಿಡಿದ ಇಬ್ಬರಿಗೆ ಒಬ್ಬರ ರೇಡಿಯೊ ಇನ್ನೊಬ್ಬರಿಗೆ ನೇರವಾಗಿ ‘ಕಾಣುವುದು’ ಹತ್ತು–ಹನ್ನೆರಡು ಕಿ.ಮೀ. ವರೆಗೆ ಮಾತ್ರ. 7,600 ಮೀಟರ್ ಎತ್ತರದ ವಿಮಾನಕ್ಕೆ ಸುಮಾರು 350 ಕಿ.ಮೀ. ವರೆಗೂ ಕಾಣುತ್ತದೆ. ಈ ಕೆಲಸಕ್ಕೆ ಲಾರಿ ಬಿಟ್ಟು ವಿಮಾನವನ್ನೇ ಯಾಕೆ ಬಳಸುತ್ತಾರೆ ಎಂಬುದಕ್ಕೆ ಉತ್ತರ ಈ ಎತ್ತರ.

ಈಗ ಕಂಪಾಸ್ ಕಾಲ್‌ಗೆ ಬರೋಣ. ಇದರ ಹೆಸರು ಇಸಿ-130ಎಚ್. ಸಾಮಾನು ಹೊರುವ ಹರ್ಕ್ಯುಲಿಸ್ ವಿಮಾನವನ್ನೇ ತಿದ್ದಿ ಮಾಡಿದ್ದು. 1980ರ ದಶಕದ ಆರಂಭದಲ್ಲಿ ಅಮೆರಿಕದ ವಾಯುಪಡೆಗೆ ಬಂತು. ಅರಿಜೋನಾದ ಟೂಸಾನ್ ಬಳಿಯ ಡೇವಿಸ್-ಮಾಂಥನ್ ನೆಲೆ ಅದರ ಮನೆ. ಪನಾಮಾ, ಕೊಸೊವೊ, ಇರಾಕ್, ಅಫ್ಘಾನಿಸ್ತಾನ, ಲಿಬಿಯಾ, ಎಲ್ಲ ಕಡೆ ಹಾರಿದೆ. ಬಾಲದ ಕೆಳಗೆ ಬಟ್ಟೆ ಒಣಗಿಸುವ ತಂತಿಗಳ ಹಾಗೆ ಆಂಟೆನಾಗಳ ಸಾಲು ಇರುತ್ತದೆ. ದೂರದಿಂದ ಗುರುತು ಹಿಡಿಯಲು ಅದೇ ಸಾಕು. ಸೇನಾ ಸೆಟ್ಟುಗಳ ಅಲೆಗಳು ಉದ್ದ. 30 ಮೆಗಾಹರ್ಟ್ಸ್‌ನಲ್ಲಿ ಒಂದು ಅಲೆ ಹತ್ತು ಮೀಟರ್ ಉದ್ದ ಇರುತ್ತದೆ. ಆಂಟೆನಾನೂ ಅದಕ್ಕೆ ತಕ್ಕ ಹಾಗೆ ದೊಡ್ಡದು ಬೇಕು. ಚಿಕ್ಕ ಯುದ್ಧವಿಮಾನಕ್ಕೆ ಇದನ್ನು ಕಟ್ಟುವುದು ಕಷ್ಟ.

ಹದಿಮೂರು ಜನರ ವಿಷಯ ನೀವು ಕೇಳಿದ್ದು ನನಗೆ ತುಂಬ ಖುಷಿ ಕೊಟ್ಟಿತು, ಏಕೆಂದರೆ ಈ ವಿಮಾನದ ಜೀವ ಇರುವುದೇ ಅಲ್ಲಿ. ಹದಿಮೂರರಲ್ಲಿ ನಾಲ್ವರು ವಿಮಾನ ಹಾರಿಸುವವರು ಮತ್ತು ದಾರಿ ನೋಡುವವರು. ಉಳಿದ ಒಂಬತ್ತು ಮಂದಿ ಹಿಂದೆ ಪರದೆಗಳ ಮುಂದೆ ಕೂರುತ್ತಾರೆ. ಅವರಲ್ಲಿ ನಾಲ್ವರು ಭಾಷೆ ಬಲ್ಲವರು. ಅವರ ಮೇಲ್ವಿಚಾರಕರೂ ಅನುಭವಿ ಭಾಷಾತಜ್ಞರೇ. ಅಂದರೆ ಐದು ಮಂದಿ ಅಲ್ಲಿರುವುದು ಶತ್ರುವಿನ ಭಾಷೆ ಬರುತ್ತದೆ ಎಂಬ ಕಾರಣಕ್ಕೆ. ಬರೀ ಗದ್ದಲ ಎಬ್ಬಿಸುವುದಾದರೆ ಭಾಷೆ ಯಾಕೆ ಬೇಕು, ಅಲ್ವಾ?

ಕಾರಣ ಇಷ್ಟು. ಯುದ್ಧ ನಡೆಯುವ ಜಾಗದಲ್ಲಿ ನೂರಾರು ಸೆಟ್ಟುಗಳು ಒಟ್ಟಿಗೆ ಮಾತಾಡುತ್ತಿರುತ್ತವೆ. ಎಲ್ಲ ಫ್ರೀಕ್ವೆನ್ಸಿಗಳ ಮೇಲೂ ಸುಮ್ನೆ ಗದ್ದಲ ಸುರಿಯಬಹುದು. ಆದರೆ ಇರುವ ಬಲ ಎಲ್ಲ ಕಡೆ ಹಂಚಿಹೋಗಿ ಒಂದೊಂದಕ್ಕೂ ಚೂರೇಚೂರು ಸಿಗುತ್ತದೆ. ಹತ್ತು ಮಡಿಗೆ ಸಾಲುವಷ್ಟು ನೀರನ್ನು ಸಾವಿರ ಮಡಿಗೆ ಬಿಟ್ಟ ಹಾಗೆ. ಅದಕ್ಕೇ ಆಯ್ದು ಹೊಡೆಯಬೇಕು. ಆಯಲು ಮೊದಲು ಕೇಳಬೇಕು. ಒಂದು ಸೆಟ್ಟಿನಲ್ಲಿ ಅಡುಗೆಯವನು ಅಕ್ಕಿ ಬಂತೇ ಎಂದು ಕೇಳುತ್ತಿರಬಹುದು. ಇನ್ನೊಂದರಲ್ಲಿ ಫಿರಂಗಿಗೆ ಗುರಿ ಹೇಳುತ್ತಿರಬಹುದು. ಯಂತ್ರದ ಕಣ್ಣಿಗೆ ಎರಡೂ ಒಂದೇ ತರಹದ ಗೆರೆ. ವ್ಯತ್ಯಾಸ ಗೊತ್ತಾಗುವುದು ಆ ಭಾಷೆ, ಆ ಪ್ರದೇಶದ ಆಡುಮಾತು, ದನಿಯ ಏರಿಳಿತ ಬಲ್ಲ ಮನುಷ್ಯನಿಗೆ.

ಇದು ಹೊಸ ಬುದ್ಧಿಯಲ್ಲ. ಎರಡನೇ ಮಹಾಯುದ್ಧದಲ್ಲಿ, 1943ರ ಶರತ್ಕಾಲದಲ್ಲಿ, ಬ್ರಿಟನ್ನಿನ ವಾಯುಪಡೆಯ 101ನೇ ಸ್ಕ್ವಾಡ್ರನ್ ಈ ಕೆಲಸ ಶುರು ಮಾಡಿತು. ಲಿಂಕನ್‌ಶೈರಿನ ಲಡ್‌ಫರ್ಡ್ ಮ್ಯಾಗ್ನಾ ಎಂಬ ಹಳ್ಳಿಯ ಬಳಿ ಅವರ ನೆಲೆ. ಲ್ಯಾಂಕಾಸ್ಟರ್ ಬಾಂಬರ್‌ನಲ್ಲಿ ಸಾಮಾನ್ಯವಾಗಿ ಏಳು ಜನ ಇರುತ್ತಿದ್ದರು. ಇಲ್ಲಿ ಎಂಟನೆಯವನೊಬ್ಬ ಸೇರಿದ. ಅವನಿಗೆ ಜರ್ಮನ್ ಬರಬೇಕಿತ್ತು. ‘ಏರ್‌ಬೋರ್ನ್ ಸಿಗಾರ್’ ಎಂಬ ಗುಪ್ತ ಹೆಸರಿನ ಉಪಕರಣ ಅವನ ಮುಂದೆ. ಅದರ ಪುಟ್ಟ ಪರದೆಯ ಮೇಲೆ, 38ರಿಂದ 42 ಮೆಗಾಹರ್ಟ್ಸ್ ನಡುವೆ ಯಾರಾದರೂ ಮಾತಾಡಿದರೆ ಗೆರೆ ಏಳುತ್ತಿತ್ತು. ಅವನು ಆ ಗೆರೆಗೆ ಟ್ಯೂನ್ ಮಾಡಿ ಕೇಳುತ್ತಿದ್ದ. ಜರ್ಮನ್ ರಾತ್ರಿ ಯುದ್ಧವಿಮಾನಗಳಿಗೆ ನೆಲದಿಂದ ದಾರಿ ಹೇಳುವ ದನಿ ಅದು ಎಂದು ಖಾತ್ರಿಯಾದರೆ, 50 ವ್ಯಾಟಿನ ಟ್ರಾನ್ಸ್‌ಮಿಟರಿನಿಂದ ಏರಿಳಿಯುವ ಸದ್ದನ್ನು ಅದರ ಮೇಲೆ ಬಿಡುತ್ತಿದ್ದ. ಅಂಥ ಮೂರು ಟ್ರಾನ್ಸ್‌ಮಿಟರ್ ಅವನ ಕೈಯಲ್ಲಿ. ಜರ್ಮನ್ನರು ಬೇಕೆಂದೇ ಸುಳ್ಳು ಮಾತುಕತೆ ನಡೆಸಿ ಅವನ ಗಮನ ಬೇರೆ ಕಡೆ ಎಳೆಯಲು ನೋಡುತ್ತಿದ್ದರು. ಭಾಷೆ ಬಾರದವನು ಅಲ್ಲಿ ಮೋಸಹೋಗುತ್ತಿದ್ದ.

ಅಂಥ ಆಪರೇಟರ್‌ಗಳಲ್ಲಿ ಕೆಲವರು ಹಿಟ್ಲರನಿಂದ ತಪ್ಪಿಸಿಕೊಂಡು ಬ್ರಿಟನ್ನಿಗೆ ಬಂದಿದ್ದ ಯಹೂದಿಗಳು. ಜರ್ಮನ್ ಅವರ ತಾಯ್ನುಡಿ. ಸಿಕ್ಕಿಬಿದ್ದರೆ ಏನಾಗುತ್ತದೆ ಎಂದು ಗೊತ್ತಿದ್ದೇ, ಹೆಸರು ಬದಲಿಸಿಕೊಂಡು ಅದೇ ಜರ್ಮನಿಯ ಮೇಲೆ ಹಾರಿದರು. ಜೊತೆಗಾರರು ಬೇರೆ ಕಡೆ, ಇವನು ಕಿಟಕಿಯಿಲ್ಲದ ಮೂಲೆಯಲ್ಲಿ ಒಬ್ಬನೇ ಕೂತು ಹೆಡ್‌ಫೋನಿನಲ್ಲಿ ತನ್ನ ಊರಿನ ಭಾಷೆ ಕೇಳುತ್ತ ಅದನ್ನು ಕೆಡಿಸುತ್ತಿದ್ದ. ಈ ಕ್ಷೇತ್ರದ ಇತಿಹಾಸದಲ್ಲಿ ನನ್ನ ಮನಸ್ಸನ್ನು ಇಷ್ಟು ಹಿಡಿದದ್ದು ಬೇರೆ ಯಾವುದೂ ಇಲ್ಲ.

ಅದೇ ಹೊತ್ತಿನಲ್ಲಿ ಇಂಗ್ಲೆಂಡಿನ ಕೆಂಟ್ ಜಿಲ್ಲೆಯ ಕಿಂಗ್ಸ್‌ಡೌನ್‌ನಲ್ಲಿ ಇನ್ನೊಂದು ತಂಡ ನೆಲದ ಮೇಲೆ ಕೂತು, ಜರ್ಮನ್ ನಿಯಂತ್ರಕರ ದನಿಯಲ್ಲೇ ಜರ್ಮನ್ ಪೈಲಟ್‌ಗಳಿಗೆ ತಪ್ಪು ಆದೇಶ ಕೊಡುತ್ತಿತ್ತು. ಇದಕ್ಕೆ ‘ಕರೋನಾ’ ಎಂದು ಹೆಸರು. ಜರ್ಮನ್ನರು ಗಂಡು ದನಿಯ ಬದಲು ಹೆಣ್ಣು ದನಿ ಬಳಸತೊಡಗಿದಾಗ, ಬ್ರಿಟಿಷರ ಬಳಿ ಜರ್ಮನ್ ಮಾತಾಡುವ ಹೆಂಗಸರೂ ಸಿದ್ಧರಿದ್ದರು. ಗದ್ದಲಕ್ಕಿಂತ ಸುಳ್ಳು ಮಾತು ಅಪಾಯ. ಗದ್ದಲ ಬಂದರೆ ಜಾಮ್ ಆಗಿದೆ ಎಂದು ಕೇಳುವವನಿಗೆ ತಿಳಿಯುತ್ತದೆ. ಸುಳ್ಳು ಆದೇಶ ಬಂದರೆ ನಂಬಿ ಹೊರಟುಬಿಡುತ್ತಾನೆ.

101ನೇ ಸ್ಕ್ವಾಡ್ರನ್ ಇದಕ್ಕೆ ದೊಡ್ಡ ಬೆಲೆ ಕೊಟ್ಟಿತು. ಬ್ರಿಟನ್ನಿನ ಬಾಂಬರ್ ಪಡೆಯಲ್ಲಿ ಅತಿ ಹೆಚ್ಚು ಜೀವಹಾನಿ ಕಂಡ ಸ್ಕ್ವಾಡ್ರನ್‌ಗಳಲ್ಲಿ ಅದೂ ಒಂದು. ಬೇರೆಯವರಿಗಿಂತ ಹೆಚ್ಚು ದಾಳಿಗಳಿಗೆ ಅವರು ಹೋಗಬೇಕಿತ್ತು. ಅದಲ್ಲದೆ, ಗದ್ದಲ ಎಬ್ಬಿಸುವವನು ತಾನೆಲ್ಲಿದ್ದೇನೆ ಎಂದು ಕೂಗಿ ಹೇಳಿದ ಹಾಗೆ. ಆ ತೊಂದರೆ ಇಂದಿಗೂ ಹೋಗಿಲ್ಲ. ಜಾಮರ್‌ನ ಅಲೆಯನ್ನೇ ಹಿಡಿದು ಅದರತ್ತ ಹಾರುವ ಕ್ಷಿಪಣಿಗಳಿವೆ. ನಿಧಾನ ಹಾರುವ ಹರ್ಕ್ಯುಲಿಸ್‌ಗೆ ಅದು ದೊಡ್ಡ ಚಿಂತೆ. ಆದ್ದರಿಂದಲೇ ಅಮೆರಿಕ ಈಗ ಹಳೆಯ ಉಪಕರಣಗಳ ವಂಶವನ್ನು ಗಲ್ಫ್‌ಸ್ಟ್ರೀಮ್ ಜಿ550 ಎಂಬ ಜೆಟ್‌ಗೆ ವರ್ಗಾಯಿಸುತ್ತಿದೆ. ಅದು 12 ಕಿ.ಮೀ. ಗಿಂತ ಎತ್ತರದಲ್ಲಿ ಹಾರುತ್ತದೆ. ಅಲ್ಲಿಂದ ರೇಡಿಯೊ ‘ಕಾಣುವ’ ದೂರ 450 ಕಿ.ಮೀ. ಗೆ ಹೋಗುತ್ತದೆ, ಅಂದರೆ ಇನ್ನಷ್ಟು ದೂರ ನಿಂತು ಕೆಲಸ ಮಾಡಬಹುದು. ಮೊದಲು ಇಸಿ-37ಬಿ ಎನ್ನುತ್ತಿದ್ದ ಅದನ್ನು 2023ರಲ್ಲಿ ಇಎ-37ಬಿ ಎಂದು ಬದಲಿಸಿದರು. ‘ಸಿ’ ಎಂದರೆ ಸಾಗಣೆ ವಿಮಾನ, ‘ಎ’ ಎಂದರೆ ದಾಳಿ ವಿಮಾನ. ಅಲೆ ಬಿಡುವುದನ್ನೂ ದಾಳಿ ಎಂದೇ ಎಣಿಸುತ್ತಾರೆ ಎಂದು ಆ ಒಂದು ಅಕ್ಷರದಿಂದ ತಿಳಿಯುತ್ತದೆ.

ಗ್ರೌಲರ್ ಎಂಬ ಇಎ-18ಜಿ ವಿಮಾನದ ಹೆಸರನ್ನೂ ನೀವು ಕೇಳಿರಬಹುದು. ಅದರ ಮುಖ್ಯ ಬೇಟೆ ರೇಡಾರ್. ಅಣ್ಣತಮ್ಮಂದಿರ ಕೆಲಸವೇ ಆದರೂ ಬೇರೆ ವಿದ್ಯೆ, ಇನ್ನೊಮ್ಮೆ ಬರೆಯುತ್ತೇನೆ.

ಮಾತು ಕೆಟ್ಟರೆ ಯುದ್ಧವೇ ಹೇಗೆ ತಿರುಗುತ್ತದೆ ಎಂಬುದಕ್ಕೆ 1982ರ ಜೂನ್‌ನಲ್ಲಿ ಲೆಬನಾನಿನ ಬೆಕಾ ಕಣಿವೆಯಲ್ಲಿ ನಡೆದದ್ದು ನೋಡಿ. ಸಿರಿಯಾದ ಪೈಲಟ್‌ಗಳು ನೆಲದ ನಿಯಂತ್ರಕರ ಮಾತು ಕೇಳಿ ಹಾರಲು ತರಬೇತಿ ಪಡೆದವರು. ಇಸ್ರೇಲ್ ಆ ಮಾತನ್ನು ಜಾಮ್ ಮಾಡಿತು. ಎದುರಾಳಿ ಎಲ್ಲಿದ್ದಾನೆ, ಯಾವ ಕಡೆ ತಿರುಗಬೇಕು ಎಂದು ಹೇಳುವವರಿಲ್ಲದೆ ಪೈಲಟ್‌ಗಳು ಕುರುಡಾದರು. ಕೆಲವೇ ದಿನಗಳಲ್ಲಿ ಸಿರಿಯಾ 80ಕ್ಕೂ ಹೆಚ್ಚು ವಿಮಾನ ಕಳೆದುಕೊಂಡಿತು. ಇದಕ್ಕೆ ಜಾಮಿಂಗ್ ಒಂದೇ ಕಾರಣ ಎಂದರೆ ತಪ್ಪಾಗುತ್ತದೆ. ಒಳ್ಳೆಯ ಕ್ಷಿಪಣಿ, ಹಾರುವ ರೇಡಾರ್, ತರಬೇತಿ ಎಲ್ಲವೂ ಇಸ್ರೇಲಿನ ಕಡೆ ಇದ್ದವು. ಆದರೆ ನೆಲದ ಮಾತಿಗೆ ಒಗ್ಗಿದವನಿಗೆ ಆ ಮಾತು ನಿಂತರೆ ಹೆಚ್ಚು ಪೆಟ್ಟು.

ಇನ್ನೊಂದು ವಿಷಯ ಹೇಳಲೇಬೇಕು. ಜಾಮಿಂಗ್‌ನ ಕಷ್ಟದ ಭಾಗ ಜಾಮ್ ಮಾಡುವುದಲ್ಲ, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದು. ಅಮೆರಿಕ ಮತ್ತು ಅದರ ಮಿತ್ರ ಸೇನೆಗಳಲ್ಲಿ ಇದಕ್ಕೆ ಒಂದು ಪಟ್ಟಿಯೇ ಇರುತ್ತದೆ. ಕೆಲವು ಫ್ರೀಕ್ವೆನ್ಸಿಗಳನ್ನು ಮುಟ್ಟಲೇಬಾರದು. ವಿಮಾನಗಳು ಆಪತ್ತಿನಲ್ಲಿ ಕರೆಯುವ 121.5 ಮೆಗಾಹರ್ಟ್ಸ್ ಅಂಥದ್ದು. ಕೆಲವು ತಮ್ಮದೇ ಸೈನಿಕರು ಬಳಸುವಂಥವು. ಮೂರನೆಯ ಗುಂಪು ನನಗೆ ಬಹಳ ಮುಖ್ಯ ಎನಿಸುತ್ತದೆ. ಅವು ಶತ್ರುವಿನವೇ, ಆದರೂ ತೂಗಿ ನೋಡದೆ ಮುಟ್ಟುವ ಹಾಗಿಲ್ಲ. ಯಾಕೆಂದರೆ ಅಲ್ಲಿ ಅವನು ಮಾತಾಡುವುದನ್ನು ನಮ್ಮವರು ಕೇಳುತ್ತಿದ್ದಾರೆ. ಜಾಮ್ ಮಾಡಿದ ಕ್ಷಣ ನಮ್ಮ ಕಿವಿಯೂ ಹೋಗುತ್ತದೆ. ಈ ಮಾತು ನಿಲ್ಲಿಸಿದರೆ ಇಂದು ಹತ್ತು ಜೀವ ಉಳಿಯಬಹುದು. ಕೇಳುತ್ತಲೇ ಇದ್ದರೆ ನಾಳೆ ನೂರು ಉಳಿಯಬಹುದು. ಇದನ್ನು ತೂಗಿ ನೋಡುವುದು ಯಂತ್ರದ ಕೈಯಲ್ಲಿ ಆಗುವುದಿಲ್ಲ.

ಶತ್ರುವೂ ಸುಮ್ಮನಿರುವುದಿಲ್ಲ. ಈಗಿನ ಸೇನಾ ಸೆಟ್ಟುಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ನಿಲ್ಲದೆ ಸೆಕೆಂಡಿಗೆ ನೂರಾರು ಬಾರಿ ಜಿಗಿಯುತ್ತವೆ. ಜಾಮರ್ ಅದನ್ನು ಬೆನ್ನಟ್ಟಬಹುದೇ? ಇಲ್ಲೂ ಒಂದು ಚಂದದ ಲೆಕ್ಕ ಇದೆ, ನಿಮ್ಮ ಮಗಳಿಗೆ ಇಷ್ಟವಾಗುತ್ತದೆ. ರೇಡಿಯೊ ಅಲೆ ಬೆಳಕಿನ ವೇಗದಲ್ಲಿ, ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿನಲ್ಲಿ 300 ಕಿ.ಮೀ. ಹೋಗುತ್ತದೆ. ವಿಮಾನ 150 ಕಿ.ಮೀ. ದೂರದಲ್ಲಿದ್ದರೆ, ಸಂಕೇತ ಅಲ್ಲಿಗೆ ತಲುಪಿ ಜಾಮರ್‌ನ ಗದ್ದಲ ವಾಪಸ್ ಬರಲು ಸರಿಯಾಗಿ ಅಷ್ಟೇ ಹೊತ್ತು. ಸೆಟ್ಟು ಸೆಕೆಂಡಿಗೆ ನೂರು ಬಾರಿ ಜಿಗಿದರೆ ಒಂದೊಂದು ಜಾಗದಲ್ಲಿ ಅಂಥ ಹತ್ತು ಪಾಲಿನಷ್ಟು ಹೊತ್ತು ಇರುತ್ತದೆ. ಹಿಡಿಯಬಹುದು. ಸಾವಿರ ಬಾರಿ ಜಿಗಿದರೆ ಗದ್ದಲ ಬರುವ ಹೊತ್ತಿಗೆ ಹಕ್ಕಿ ಹಾರಿಹೋಗಿರುತ್ತದೆ. ಎಷ್ಟೇ ವೇಗದ ಕಂಪ್ಯೂಟರ್ ಇಟ್ಟರೂ ಬೆಳಕಿನ ವೇಗ ಮೀರಲಾಗದು. ಆಗ ಹತ್ತಿರ ಹೋಗಬೇಕು, ಇಲ್ಲವೇ ಬೇರೆ ಉಪಾಯ ಹುಡುಕಬೇಕು. ಉಕ್ರೇನ್ ಯುದ್ಧದಲ್ಲಿ ಎರಡೂ ಕಡೆಯವರು ಡ್ರೋನ್‌ಗಳಿಗೆ ಕೂದಲೆಳೆಯಂಥ ಆಪ್ಟಿಕಲ್ ಫೈಬರ್ ಕಟ್ಟಿ ಹಾರಿಸತೊಡಗಿದ್ದು ಇದೇ ಓಟದ ಇನ್ನೊಂದು ತುದಿ. ದಾರದೊಳಗೆ ಹೋಗುವ ಮಾತಿಗೆ ಜಾಮಿಂಗ್ ತಾಗುವುದಿಲ್ಲ.

ಇನ್ನು ಮೊಬೈಲ್. ಹೌದು, ತಾಂತ್ರಿಕವಾಗಿ ಸಾಧ್ಯ. ಇಲ್ಲೂ ಕಿವಿಯ ಲೆಕ್ಕವೇ. ನಿಮ್ಮ ಫೋನ್ ಟವರ್‌ಗೆ ಕಳಿಸುವ ಸಂಕೇತ ತೀರಾ ಸಣ್ಣದು. ಹಳೆಯ ಜಿಎಸ್ಎಂ ಫೋನ್‌ಗಳಲ್ಲಿ ಹೆಚ್ಚೆಂದರೆ 2 ವ್ಯಾಟ್. ಟವರ್ ಎತ್ತರದಲ್ಲಿದ್ದು ಆ ಪಿಸುಮಾತು ಕೇಳಲು ಕಿವಿ ತೆರೆದು ನಿಂತಿರುತ್ತದೆ. ವಿಮಾನಕ್ಕೆ ಸಾವಿರ ಫೋನ್‌ಗಳನ್ನು ಹುಡುಕುವ ಬದಲು ಒಂದು ಟವರಿನ ಕಿವಿ ತುಂಬಿಸುವುದು ಸುಲಭ. ಡಿಜಿಟಲ್ ಆದ್ದರಿಂದ ಕೊರಕೊರ ಸದ್ದೂ ಬರುವುದಿಲ್ಲ. ಸ್ವಲ್ಪ ಹೊತ್ತು ಚೆನ್ನಾಗಿದ್ದು ಒಮ್ಮೆಗೇ ಕಡಿದುಹೋಗುತ್ತದೆ. ಆದರೆ ನಿಮ್ಮೂರಿನಲ್ಲಿ ಸಿಗ್ನಲ್ ಹೋದರೆ ವಿಮಾನದ ಕಡೆ ನೋಡಬೇಡಿ. ಅದು ಬಹುಮಟ್ಟಿಗೆ ಕರೆಂಟಿನದೋ ಕೇಬಲ್ಲಿನದೋ ತೊಂದರೆ.

ನಮ್ಮ ದೇಶದ ಕೆಲಸದಲ್ಲಿ ಕರ್ನಾಟಕದ ಪಾಲು ದೊಡ್ಡದು. ಯುದ್ಧವಿಮಾನಗಳಿಗೆ ರೇಡಾರ್ ಎಚ್ಚರಿಕೆ ಉಪಕರಣ, ಜಾಮರ್ ರೂಪಿಸುವ ಡೇರ್ ಪ್ರಯೋಗಾಲಯ ಬೆಂಗಳೂರಿನಲ್ಲಿದೆ. ಬೆಂಗಳೂರಿನದೇ ಕ್ಯಾಬ್ಸ್ ಸಂಸ್ಥೆ ಬ್ರೆಜಿಲ್‌ನ ಎಂಬ್ರೇಯರ್ ಜೆಟ್ ಮೇಲೆ ‘ನೇತ್ರ’ ಎಂಬ ಹಾರುವ ರೇಡಾರ್ ವಿಮಾನವನ್ನು ಕಟ್ಟಿತು. 2017ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ಅದನ್ನು ವಾಯುಪಡೆಗೆ ಒಪ್ಪಿಸಿದರು. ಬೆನ್ನ ಮೇಲಿನ ಉದ್ದ ರೇಡಾರ್ ಎಲ್ಲರಿಗೂ ಕಾಣುತ್ತದೆ. ಅದರ ಜೊತೆ ಬೇರೆಯವರ ರೇಡಾರ್ ಮತ್ತು ರೇಡಿಯೊ ಮಾತುಕತೆಯನ್ನು ಆಲಿಸುವ ಉಪಕರಣವೂ ಅದರಲ್ಲಿದೆ. ನೇತ್ರ ಕೇಳುವ ವಿಮಾನ, ಕಂಪಾಸ್ ಕಾಲ್‌ನಂತೆ ಕೆಡಿಸುವ ವಿಮಾನ ಅಲ್ಲ. ಎರಡನ್ನೂ ಒಂದೇ ಎಂದು ಬರೆಯುವವರಿದ್ದಾರೆ, ಅದು ತಪ್ಪು. ಭೂಸೇನೆಗೆ ಮಾತು ಕೇಳುವ, ಜಾಮ್ ಮಾಡುವ ವ್ಯವಸ್ಥೆಗಳು ವಾಹನಗಳ ಮೇಲಿವೆ. ಡಿಆರ್‌ಡಿಒ (ರಕ್ಷಣಾ ಸಂಶೋಧನಾ ಸಂಸ್ಥೆ) ಮತ್ತು ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಂಪನಿ ಬಿಇಎಲ್ ಸೇರಿ ಮಾಡಿದ ‘ಸಂಯುಕ್ತ’ ಅಂಥದ್ದು. 2023ರ ಮಾರ್ಚ್‌ನಲ್ಲಿ ‘ಹಿಮಶಕ್ತಿ’ ಎಂಬ ಇನ್ನೊಂದು ಯೋಜನೆಗೆ ರಕ್ಷಣಾ ಸಚಿವಾಲಯ ಬಿಇಎಲ್ ಜೊತೆ ಸುಮಾರು 3,000 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು. ಅದರ ಕೆಲಸ ಕಂಪನಿಯ ಹೈದರಾಬಾದ್ ಘಟಕದ್ದು.

ಮಗಳಿಗೆ ಹೇಳಿ: ಸಿಗ್ನಲ್ ಪ್ರೊಸೆಸಿಂಗ್, ಆಂಟೆನಾ, ಪ್ರಾಬಬಿಲಿಟಿ, ಈ ಮೂರನ್ನು ಪರೀಕ್ಷೆಗಾಗಿ ಅಲ್ಲ, ಕೈಗೆ ಅಂಟುವ ಹಾಗೆ ಕಲಿಯಲಿ. ಡಿಆರ್‌ಡಿಒ ವಿಜ್ಞಾನಿ ಹುದ್ದೆಗೆ ಗೇಟ್ ಅಂಕಗಳನ್ನು ನೋಡುತ್ತಾರೆ, ಆ ಪರೀಕ್ಷೆಯ ತಯಾರಿ ಮೂರನೇ ವರ್ಷದಿಂದಲೇ ಇರಲಿ. ಇಂಗ್ಲಿಷ್ ಅಲ್ಲದೆ ಇನ್ನೊಂದು ವಿದೇಶಿ ಭಾಷೆ ಕಲಿಯುವ ಮನಸ್ಸಿದ್ದರೆ ತಡೆಯಬೇಡಿ. ಲ್ಯಾಪ್‌ಟಾಪ್‌ಗೆ ಚುಚ್ಚುವ ಆರ್‌ಟಿಎಲ್-ಎಸ್‌ಡಿಆರ್ ಎಂಬ ಪುಟ್ಟ ರಿಸೀವರ್ ಸಿಗುತ್ತದೆ, ಅದನ್ನು ಕೊಡಿಸಿ. ಮೊದಲು ಬೆಂಗಳೂರಿನ 101.3 ಎಫ್ಎಂ ನಿಲಯವನ್ನು ಪರದೆಯ ಮೇಲೆ ಹುಡುಕಲಿ. ದನಿ ಏರಿದಾಗ ಗೆರೆ ಹೇಗೆ ಅಗಲವಾಗುತ್ತದೆ ನೋಡಲಿ. 101ನೇ ಸ್ಕ್ವಾಡ್ರನ್ನಿನ ಎಂಟನೆಯವನು ತನ್ನ ಪರದೆಯಲ್ಲಿ ಕಾಣುತ್ತಿದ್ದದ್ದು ಇಂಥದ್ದನ್ನೇ. ಒಂದು ಎಚ್ಚರಿಕೆ: ಕೇಳುವುದು ಮಾತ್ರ. ಆನ್‌ಲೈನ್‌ನಲ್ಲಿ ಸಿಗುವ ಜಾಮರ್‌ಗಳನ್ನು ತರಿಸಬಾರದು. ಸರ್ಕಾರದ ಅನುಮತಿ ಇಲ್ಲದೆ ಅವನ್ನು ಬಳಸುವುದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ. ಜಿಗಿತದ ಲೆಕ್ಕವನ್ನು ಅವಳು ವಿಮಾನ 60 ಕಿ.ಮೀ. ದೂರದಲ್ಲಿದ್ದರೆ ಎಂದು ಮತ್ತೆ ಹಾಕಿ ನೋಡಲಿ. ಉತ್ತರ ಬಂದಾಗ ನನಗೂ ಬರೆದು ಕಳಿಸಿ.